ಮನೆಗೆಲ್ಲ ಒಂದೇ ಪ್ಯಾನ್ ಕಾರ್ಡ್

ನಮ್ಮ ಮನೆಯಲ್ಲಿ ಮೊದಲು ಪ್ಯಾನ್ ಕಾರ್ಡ್ ಮಾಡಿಸಿದವಳು ನಾನು, ಜಹೀರಾಬಾದಿನ ಕಾಲೇಜಿಗೆ ಸೇರಿದ ವರ್ಷ. ಬಂದ ಮೇಲೆ ಅದು ನನ್ನದಾಗಿ ಉಳಿಯಲಿಲ್ಲ. ಓಣಿಯವರೆಲ್ಲ ಕೇಳಿ ಒಯ್ಯುವ ನಿಚ್ಚಣಿಕೆಯಂತಾಯಿತು. ಚಿಕ್ಕಮ್ಮನ ಮಿಕ್ಸರ್ ನನ್ನ ಹೆಸರಲ್ಲಿ, ಸೋದರಮಾವನ ಫೋನ್ ನನ್ನ ಹೆಸರಲ್ಲಿ. ಪ್ಯಾನ್ ಕಾರ್ಡ್ ಇಲ್ಲದೆ ಅಂಗಡಿಯವರು ಕಂತಿನ ಮೇಲೆ ಕೊಡುತ್ತಿರಲಿಲ್ಲ, ಹೀಗಾಗಿ ಏನೇ ತಂದರೂ ಸಹಿ ನನ್ನದು. ಮನೆ ಒಂದೇ ಆದಮೇಲೆ ಕಾರ್ಡ್ ಬೇರೆ ಯಾಕೆ ಎನ್ನುವುದು ಎಲ್ಲರ ವಾದ.

ಚಿಕ್ಕಮ್ಮ ಕಂತು ತಪ್ಪಿಸಲಿಲ್ಲ. ಮಾವನ ಫೋನ್ ಮಾತ್ರ ಮನೂರಿಗೆ ಹೋಗುವ ಆಟೋದಿಂದ ಬಿದ್ದು ಒಡೆಯಿತು. ಅಂದಿನಿಂದ ಅವರು ಕಂತು ಕಟ್ಟುವುದನ್ನೇ ಬಿಟ್ಟರು.

"ಫೋನೇ ಸತ್ತು ಹೋಗ್ಯಾದ, ಇನ್ನ ಕಂತ್ಯಾಕ ಕಟ್ಟಬೇಕು?" ಎಂದು ನ್ಯಾಯ ಬೇರೆ ಹೇಳಿದರು.

ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳಿ ಆ ಬಾಕಿ ನಾನೇ ತೀರಿಸಿದೆ. ಅಷ್ಟರಲ್ಲಿ ತಪ್ಪಿದ ಕಂತುಗಳಿಂದ ನನ್ನ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ಕೊಡುವ ಮುನ್ನ ಬ್ಯಾಂಕಿನವರು ನೋಡುವ ಅಂಕ, ನೆಲ ಕಚ್ಚಿತ್ತು. ಮುಂದೆ ಬಿ.ಎಡ್. ಓದಲು ಸಾಲ ಬೇಕು, ಈ ಸ್ಕೋರಿಗೆ ಯಾರೂ ಕೊಡುವುದಿಲ್ಲ. ತಪ್ಪದೆ ಬಿಲ್ ಕಟ್ಟಿ ಸ್ಕೋರ್ ಸರಿಮಾಡಿಕೊಳ್ಳೋಣವೆಂದು ವಿದ್ಯಾರ್ಥಿಗಳಿಗೆ ಕೊಡುವ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದರೆ, ಅದಕ್ಕೂ ಸ್ಕೋರ್ ಬೇಕಂತೆ. ಒಂದು ಬ್ಯಾಂಕು ಸುಮ್ಮನೆ ಇಲ್ಲವೆಂದಿತು. ಇನ್ನೊಂದರಲ್ಲಿ ಕೂತವರು ಕಂಪ್ಯೂಟರಿನಿಂದ ಮುಖವನ್ನೇ ಎತ್ತಲಿಲ್ಲ.

"ಸ್ಕೋರ್ ಖರಾಬ್ ಅದಮ್ಮಾ. ನಿಮ್ಮಪ್ಪಗ ಕರಕೊಂಡು ಬಾ, ಅವರ ಹೆಸರಿಲೆ ಮಾಡೋಣು."

ನನಗೆ ಮೈಯೆಲ್ಲ ಉರಿದುಹೋಯಿತು.

"ಕೆಟ್ಟಿದ್ದು ನನ್ನ ಹೆಸರು ರೀ. ಅಪ್ಪನ ಹೆಸರಿಲೆ ತೊಗೊಂಡ್ರ ನಂದು ಹ್ಯಾಂಗ ಸುಧಾರಸ್ತದ?"

ಆಗ ಮುಖ ಎತ್ತಿದರು. ಠೇವಣಿ ಇಟ್ಟರೆ ಅದರ ಮೇಲೆ ಕಾರ್ಡ್ ಕೊಡಬಹುದು ಎಂದರು. ನನ್ನ ದುಡ್ಡನ್ನೇ ಒತ್ತೆಯಿಟ್ಟು ನಾನೇ ಸಾಲ ತೆಗೆಯಬೇಕು! ನಗುವೂ ಬಂತು, ಸಿಟ್ಟೂ ಬಂತು. ಟ್ಯೂಷನ್ನಿನ ದುಡ್ಡು ಇಟ್ಟೇ ಬಂದೆ.

ಕ್ರೆಡಿಟ್ ಕಾರ್ಡ್ ಬಂತು. ರೀಚಾರ್ಜು, ಪುಸ್ತಕ, ಅಷ್ಟೇ ಅದರ ಕೆಲಸ. ಬಿಲ್ ಬಂದ ಕೂಡಲೇ ಕಟ್ಟುತ್ತಿದ್ದೆ. ಸ್ಕೋರ್ ಮೆಲ್ಲಗೆ ಏಳತೊಡಗಿತ್ತು, ಅಷ್ಟರಲ್ಲಿ ಒಂದು ದಿನ ಮಾವ ಬಂದು ಚಹಾ ಕುಡಿಯುತ್ತ ಕೇಳಿದರು:

"ಯವ್ವಾ, ನಿನ್ನ ಪ್ಯಾನ್ ಕಾರ್ಡಿನ ಮ್ಯಾಲ ಒಂದು ಟಿವಿ ತೊಗೊಳ್ಳೋಣೇನು?"

"ಇಲ್ಲ ಮಾಮಾ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವನ ತಮ್ಮನಿಗೆ ನಮ್ಮ ಮನೆಯಲ್ಲಿ ಯಾರೂ 'ಇಲ್ಲ' ಎಂದದ್ದೇ ಇಲ್ಲ.

"ಮಾಮಗ ಹಂಗಂತಾರೇನು?" ಎಂದಳು ಅವ್ವ.

"ನಾ ಅಂತೀನಿ," ಎಂದೆ. "ನಡೀರಿ ಮಾಮಾ, ನಿಮ್ಮ ಹೆಸರಿಲೇ ಪ್ಯಾನ್ ಕಾರ್ಡ್ ಮಾಡಸೋಣು."

ಮುಖ ಗಂಟಿಕ್ಕಿಕೊಂಡೇ ಬಂದರು. ಪೇಟೆಯ ಇಂಟರ್ನೆಟ್ ಅಂಗಡಿಯಲ್ಲಿ ತಲೆ ಬಾಚಿಕೊಂಡು ಫೋಟೋಕ್ಕೆ ಕೂತರು. ಟಿವಿ ಅವರ ಹೆಸರಲ್ಲೇ ಬಂತು, ಕಂತು ಇದುವರೆಗೂ ತಪ್ಪಿಲ್ಲ. ನನ್ನ ಬಿ.ಎಡ್. ಸಾಲವೂ ಮಂಜೂರಾಯಿತು.

ಮೊನ್ನೆ ಅವರ ಮಗಳ ಗಂಡ ಹೊಸ ಫೋನ್ ಕೊಳ್ಳಲು ಆ ಪ್ಯಾನ್ ಕಾರ್ಡ್ ಕೇಳಿದನಂತೆ. ಮಾವ ಅಂಗಿಯ ಒಳಜೇಬು ಮುಟ್ಟಿ ನೋಡಿಕೊಂಡರಂತೆ.

"ಅದರ ಮ್ಯಾಲ ನನ್ನ ಹೆಸರದ. ಕೊಡಂಗಿಲ್ಲ."