ಅಣ್ಣ ಸುಣ್ಣ ಬಳಿದ ಕಲ್ಲು

ಮೊನ್ನೆ ಸಂತೆಯಿಂದ ತಂದ ಮೆಂತ್ಯದ ಸಿವುಡನ್ನು ಬಿಚ್ಚಿದೆ. ಸುತ್ತಿದ್ದ ಹಳೆಯ ಪತ್ರಿಕೆ ಒದ್ದೆಯಾಗಿತ್ತು. ಒದ್ದೆ ಕಾಗದ ಮತ್ತು ಹಸಿ ಎಲೆ ಕೂಡಿದ ಆ ವಾಸನೆಗೆ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಎಪ್ಪತ್ತರ ದಶಕದಲ್ಲಿ ರಾಮದುರ್ಗದ ನಮ್ಮ ಪಡಸಾಲೆಯ ತುಂಬ ಇದೇ ವಾಸನೆ ಇರುತ್ತಿತ್ತು.

ಅಣ್ಣ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ರಜೆ ಬಂದರೆ ಸವದತ್ತಿ ಕಡೆಯ ಗುಡ್ಡ ಅಲೆದು ಗಿಡ ತರುತ್ತಿದ್ದ. ಅವನ್ನು ಪತ್ರಿಕೆಗಳ ನಡುವೆ ಇಟ್ಟು, ಮೇಲೆ ಬೀಸುವ ಕಲ್ಲು ಹೇರಿ, ದಿನವೂ ಒದ್ದೆ ಹಾಳೆ ತೆಗೆದು ಒಣ ಹಾಳೆ ಹಾಕುತ್ತಿದ್ದ. ಒಂದು ಮಳೆಗಾಲದಲ್ಲಿ ಬಂಡೆಯ ಸಂದಿಯಲ್ಲಿ ಅವನಿಗೊಂದು ಬಳ್ಳಿ ಸಿಕ್ಕಿತು. ಒಂದೇ ಬಳ್ಳಿ. ಮೊಸರಿನ ಬಣ್ಣದ ಹೂವು, ಒಳಗೆ ನೇರಳೆ ಕೂದಲು. ಹೂವನ್ನು ಒಣಗಿಸಿ ಪುಣೆಗೆ ಒಯ್ದು ಅಲ್ಲಿನ ಸಸ್ಯಶಾಸ್ತ್ರಜ್ಞರೊಬ್ಬರಿಗೆ ತೋರಿಸಿದ. ಇಂಥದ್ದನ್ನು ತಾವು ಕಂಡಿಲ್ಲ, ಆದರೆ ಮಾಗಿದ ಕಾಯಿ, ಬೀಜ ನೋಡದೆ ಹೊಸ ಜಾತಿ ಎಂದು ಹೇಳಲಾಗದು ಎಂದರಂತೆ.

ಮರಳಿ ಬಂದವನೇ, ಆಡು ಬಾಯಿ ಹಾಕದಿರಲೆಂದು ಬಳ್ಳಿಯ ಸುತ್ತ ಕಲ್ಲು ಜೋಡಿಸಿದ. ಬೆಳೆದ ಹುಲ್ಲಿನಲ್ಲಿ ಗುರುತು ಸಿಗಲೆಂದು ಒಂದು ಕಲ್ಲಿಗೆ ಸುಣ್ಣ ಬಳಿದ. ಮುಂದೊಮ್ಮೆ ಹೋದಾಗ ಎಳೆಯ ಜೋಡಿಕಾಯಿ ಕಂಡು, ಮಾಗಲೆಂದು ಬಿಟ್ಟು ಬಂದ.

ಕಾಯಿ ತರಲು ಹೊರಡುವ ಹಿಂದಿನ ದಿನ ಅವ್ವ ಅಕ್ಕಿ ಆರಿಸುತ್ತ ಕುಳಿತಿದ್ದಳು.

"ಮಂದಿ ಕನ್ಯಾ ನೋಡ್ಲಿಕ್ಕೆ ಹೋಗ್ತಾರ, ಇಂವ ಕಾಯಿ ನೋಡ್ಲಿಕ್ಕೆ ಹೊಂಟಾನ."

"ಕಾಯಿ ಮಾಗಿದ್ರ ಹೆಸರಿಡೋದೊಂದೇ ಉಳೀತು, ಅವ್ವಾ."

"ಕೂಸಿಗೆ ಹೆಸರಿಡೋ ವಯಸ್ಸಿನಾಗ ಬಳ್ಳಿಗೆ ಹೆಸರಿಡ್ತಾನಂತ!"

ಅಣ್ಣ ನಕ್ಕ. ಆಮೇಲೆ ಅವನು ಹಾಗೆ ನಕ್ಕಿದ್ದು... ನನಗೆ ನೆನಪಿಲ್ಲ.

ಮರುದಿನ ಹೊಸ್ತಿಲ ಹುಣ್ಣಿಮೆ, ಎಲ್ಲಮ್ಮನ ಜಾತ್ರೆ. ನಾನೂ ಅವನ ಜೊತೆಗೆ ಹೋಗಿದ್ದೆ. ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರ ಕಾಲುದಾರಿ ಆ ಬಂಡೆಯ ಪಕ್ಕದಲ್ಲೇ ಇತ್ತು. ದೂರದಿಂದಲೇ ಹಳದಿ ಕಂಡಿತು. ಸುಣ್ಣದ ಕಲ್ಲಿನ ಮೇಲೆ ಭಂಡಾರ, ಕುಂಕುಮ. ಸುತ್ತ ತೆಂಗಿನ ಚಿಪ್ಪು, ಉರಿದು ಮುಗಿದ ಊದಿನಕಡ್ಡಿ. ಬಳ್ಳಿಯಿದ್ದಲ್ಲಿ ಒಂದು ಕುಳಿ.

ಪಕ್ಕದಲ್ಲಿ ದಣಿವಾರಿಸಿಕೊಳ್ಳುತ್ತ ಒಬ್ಬ ಮುದುಕಿ ಕುಳಿತಿದ್ದಳು.

"ಕೈ ಮುಗೀರಿ ಯಪ್ಪಾ, ಹೊಸಾ ದೇವ್ರು. ಯಾರೋ ಪುಣ್ಯವಂತ್ರು ಸುಣ್ಣಾ ಬಳದ ಹೋಗ್ಯಾರ."

"ಇಲ್ಲೊಂದು ಬಳ್ಳಿ ಇತ್ತಲ್ರೀ?" ಅಣ್ಣ ಕುಳಿಯ ಮುಂದೆ ಕುಕ್ಕರಿಸಿ ಕೇಳಿದ.

"ಪ್ರಸಾದಂತ ಒಬ್ಬೊಬ್ಬರು ಒಂದೊಂದ ಎಲಿ ಒಯ್ದ್ರು. ಗಡ್ಡಿ ಕಿತ್ತು ಹಂಚಿ ತಿಂದ್ವಿ. ಸೀ ಇತ್ತ ನೋಡ್ರಿ."

"ಕಾಯಿ... ಕಾಯಿ ಯಾರು ಒಯ್ದ್ರು?"

"ಮಕ್ಕಳಿಲ್ಲದಾಕಿ ಒಬ್ಬಾಕಿ ಉಡ್ಯಾಗ ಕಟಗೊಂಡ ಹೋದ್ಲು. ಹಸರ ಸೀರಿ ಉಟ್ಟಿದ್ಲು. ಈಗ ಹೋದ್ಲು."

ಅಣ್ಣ ಓಡಿದ. ಗುಡ್ಡದ ದಾರಿಯ ತುಂಬ ಹಸಿರು ಸೀರೆಗಳೇ. ಕಂಡ ಕಂಡ ಹೆಣ್ಣುಮಕ್ಕಳ ಮುಂದೆ ಬಾಗಿ ಕೈ ಜೋಡಿಸಿದ.

"ತಾಯೀ, ನಿಮ್ಮ ಉಡ್ಯಾಗಿನ ಕಾಯಿ ಒಂದ ಸಲ ತೋರಸ್ರಿ. ಒಂದು ಬೀಜ ಸಾಕ್ರಿ ನನಗ."

ಕೆಲವರು ನಕ್ಕರು, ಕೆಲವರು ಸೆರಗು ಬಿಗಿಹಿಡಿದು ಸರಿದರು. ಒಬ್ಬ ಗಂಡಸು ಬಂದು ಅವನ ಅಂಗಿ ಹಿಡಿದ.

"ಹೆಣ್ಮಕ್ಕಳ ಉಡಿ ಕೇಳ್ತೀಯೇನಲೇ? ಕಲ್ತಾಂವನಂಗ ಕಾಣ್ತಿ, ನಾಚಿಕಿ ಬರೂದಿಲ್ಲ?"

ನೂಕಿದ ರಭಸಕ್ಕೆ ಅಣ್ಣ ಬಿದ್ದ. ನಾನು ಧೂಳಿನಲ್ಲಿ ಅವನ ಕನ್ನಡಕ ಹುಡುಕಿಕೊಟ್ಟೆ. "ಸಾಕೋ ಅಣ್ಣಾ, ಮನಿಗೆ ನಡಿ" ಎಂದೆ. ಅವನು ಕೇಳಲಿಲ್ಲ. ಸಂಜೆಯವರೆಗೂ ಹುಡುಕಿದ. ಆಕೆ ಸಿಗಲಿಲ್ಲ.

ಬಸ್ಸಿನಲ್ಲಿ ಒಂದೇ ಮಾತು ಆಡಿದ. "ಸಿಕ್ಕಿದ್ರೂ ಆಕಿ ಹೆಂಗ ಕೊಡ್ತಾಳ?"

ಮುಂದಿನ ಮಳೆಗಾಲಗಳಲ್ಲಿ ಅವನು ಬೇರೆ ಗಿಡ ತರಲಿಲ್ಲ. ಬಂಡೆಯ ಸಂದಿಗಳಿಗೆ ಕೈ ಹಾಕುತ್ತ ಆ ಗುಡ್ಡಗಳನ್ನೇ ಸುತ್ತಿದ. ಮೊಣಕೈ ತರಚಿಕೊಂಡು ಬರುತ್ತಿದ್ದ. ಅವ್ವ ಅಣಕಿಸುವುದನ್ನು ಬಿಟ್ಟಳು. ಕೊನೆಗೊಮ್ಮೆ ಮಳೆಯಲ್ಲಿ ನೆನೆದು ಬಂದವನಿಗೆ ಜ್ವರ ಹತ್ತಿತು, ಇಳಿಯಲಿಲ್ಲ. ಜ್ವರದಲ್ಲೂ ಯಾರನ್ನೋ ಬೇಡಿಕೊಳ್ಳುತ್ತಿದ್ದ...

ನನಗೀಗ ಅವನಿಗಿಂತ ಎಷ್ಟೋ ಹೆಚ್ಚು ವಯಸ್ಸು. ಗಿಡಗಳ ಬಗ್ಗೆ ಬಲ್ಲವರು ಸಿಕ್ಕಾಗ ಆ ಹೂವನ್ನು ವರ್ಣಿಸಿ ಕೇಳುತ್ತೇನೆ. ಅವರು ಕಂಡಿಲ್ಲವೆಂದು ತಲೆಯಾಡಿಸುತ್ತಾರೆ. ಅಣ್ಣ ಇಲ್ಲ. ಅಂಥ ಇನ್ನೊಂದು ಬಳ್ಳಿ ಇಲ್ಲಿಯವರೆಗೆ ಯಾರಿಗೂ ಸಿಕ್ಕಿಲ್ಲ.