ಫಕೀರಪ್ಪನವರ ಚೀಲ

ಫಕೀರಪ್ಪನವರು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಮೂಸಿ ನೋಡುತ್ತಿದ್ದರು. ಮೈಕ್ರೋವೇವ್ ಇರಲಿ, ಫ್ರಿಜ್ ಇರಲಿ, ಹಿಂಬದಿಯ ಗಾಳಿಕಿಂಡಿಗೆ ಮೂಗು ಹತ್ತಿರ ತಂದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಳ್ಳುವರು. ಆಮೇಲೆ ಎರಡೇ ಮಾತು. ಒಂದೋ "ಬರೇ ಫ್ಯೂಸ್ ಹೋಗೇತ್ರಿ", ಇಲ್ಲವೇ "ಒಳಗ ಮಂದಿ ಅದಾರ್ರಿ". ಮಂದಿ ಎಂದರೆ ಜಿರಳೆ. ಆ ಹೆಸರನ್ನು ಅವರು ಯಾರ ಮನೆಯಲ್ಲೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದವರು. ದೇಶ ಬಿಟ್ಟು ಎಟೋಬಿಕೋಗೆ ಬಂದ ಮೇಲೆ ಒಂದು ಬ್ರೆಡ್ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ, ರಜೆಯ ದಿನ ಕನ್ನಡದವರ ಮನೆಗಳಲ್ಲಿ ರಿಪೇರಿ. ನಮ್ಮದು ಹದಿನಾಲ್ಕು ಮಹಡಿಯ ಹಳೇ ಕಟ್ಟಡ. ಪೈಪಿನ ಸಂದಿಯಲ್ಲಿ ಜಿರಳೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಬಾಲ್ಕನಿಯ ಬಾಗಿಲೇ ಹೆಪ್ಪುಗಟ್ಟುವ ಈ ಊರಿನಲ್ಲಿ ಅವಕ್ಕೆ ಬೆಚ್ಚಗಿನ ಜಾಗವೆಂದರೆ ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡು. ಅಲ್ಲೇ ಹೆರುತ್ತವೆ, ಅಲ್ಲೇ ಹೇಲುತ್ತವೆ, ಎರಡು ಪಿನ್ನುಗಳ ನಡುವೆ ಸತ್ತು ಶಾರ್ಟ್ ಮಾಡುತ್ತವೆ.

ನಮ್ಮ ಮೈಕ್ರೋವೇವಿನಲ್ಲಂತೂ ಗಡಿಯಾರದ ಗಾಜಿನ ಹಿಂದೆ, ಹಸಿರು ಅಂಕಿಗಳ ಮೇಲೆ, ಅವು ರಾಜಾರೋಷವಾಗಿ ನಡೆದಾಡುತ್ತಿದ್ದವು. ಯಾರಾದರೂ ಬಂದರೆ ನಾನು ಅದರ ಮೇಲೆ ಟವೆಲ್ ಇಳಿಬಿಡುತ್ತಿದ್ದೆ. ಫಕೀರಪ್ಪನವರು ಅದನ್ನು ಎರಡು ಕಪ್ಪು ಕಸದ ಚೀಲಗಳಲ್ಲಿ ಕಟ್ಟಿ, ಜನವರಿಯ ಬಾಲ್ಕನಿಗೆ ಸಾಗಿಸಿದರು.

"ಐದ ದಿನ ಥಂಡಿಗೆ ಬಿಡ್ರಿ ಅಕ್ಕಾರ. ಔಷಧಕ್ಕ ಬಗ್ಗಲಾರದ್ದು ಈ ದೇಶದ ಥಂಡಿಗೆ ಬಗ್ಗತೈತಿ."

ಆರನೆಯ ದಿನ ಬಂದು, ಸತ್ತವನ್ನು ಪೇಪರಿನ ಮೇಲೆ ಕೊಡವಿ, ಹಲ್ಲುಜ್ಜುವ ಬ್ರಷ್ಷಿನಿಂದ ಬೋರ್ಡು ತಿಕ್ಕಿದರು. ಊರಿನಿಂದ ಬಂದಿದ್ದ ನಮ್ಮತ್ತೆ ಏನಾಗಿತ್ತು ಎಂದು ಕೇಳಿದ್ದಕ್ಕೆ, ಬೋರ್ಡಿಗೆ ತೇವ ಹಿಡಿದಿತ್ತು ಎಂದರು. ನನಗೆ ಹೋದ ಜೀವ ಬಂದಂತಾಯಿತು. ಹೊರಡುವಾಗ ಕಾರಿಡಾರಿನಲ್ಲಿ ತಮ್ಮ ಚೀಲವನ್ನು ಪೂರ್ತಿ ಬರಿದು ಮಾಡಿ, ಒಂದೊಂದು ಸಾಮಾನನ್ನೂ ತಟ್ಟಿ, ಬಿಳಿ ಬಟ್ಟೆಯಲ್ಲಿ ಒರೆಸಿ ತುಂಬಿಕೊಂಡರು. ಪ್ರತಿ ಮನೆಯಿಂದ ಹೊರಬಿದ್ದಾಗಲೂ ಹೀಗೇ ಮಾಡುತ್ತಿದ್ದರು.

ನಮ್ಮ ಜನಕ್ಕೆ ಜಿರಳೆಯೆಂದರೆ ಮಾನದ ಪ್ರಶ್ನೆ. ಇದೆಯೆಂದು ಗೊತ್ತಾದರೆ ಆ ಮನೆಯಲ್ಲಿ ಯಾರೂ ಊಟಕ್ಕೆ ಕೈತೊಳೆಯುವುದಿಲ್ಲ. ಬಿಲ್ಡಿಂಗಿನ ಆಫೀಸಿಗೂ ಹೇಳುವ ಹಾಗಿಲ್ಲ, ಹೇಳಿದರೆ ಔಷಧಿ ಹೊಡೆಯುವ ನೋಟಿಸನ್ನು ಬಾಗಿಲಿಗೇ ಅಂಟಿಸುತ್ತಾರೆ. ಎಷ್ಟೋ ಮನೆಗಳ ಮರ್ಯಾದೆ ಫಕೀರಪ್ಪನವರ ಬಾಯಲ್ಲಿ ಭದ್ರವಾಗಿತ್ತು.

ನಾಲ್ಕನೆಯ ಮಹಡಿಯ ವಿಮಲಾ ಆರ್ಡರಿನ ಮೇಲೆ ಹೋಳಿಗೆ, ಚಕ್ಕುಲಿ ಮಾಡಿಕೊಡುತ್ತಿದ್ದಳು. ಅವಳ ಗಂಡ ರಾಘು ಕಾರಿಗೆ ಬಣ್ಣ ಹೊಡೆದೂ ಹೊಡೆದೂ ಪುಪ್ಪುಸ ಕೆಡಿಸಿಕೊಂಡಿದ್ದ. ಹಗಲೂ ರಾತ್ರಿ ಮನೆಯ ಹಾಲ್‌ನಲ್ಲಿ ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಿತ್ತು. ಅವಳ ಮಿಕ್ಸಿ ರಿಪೇರಿಗೆ ಹೋದ ಫಕೀರಪ್ಪನವರು ಅಭ್ಯಾಸಬಲದಿಂದ ಆ ಯಂತ್ರವನ್ನೂ ಮೂಸಿದರು. ಒಳಗೆ ಮಂದಿಯಿದ್ದರು. ಅದನ್ನು ಐದು ದಿನ ಥಂಡಿಗೆ ಬಿಡುವಂತಿಲ್ಲ, ಬಿಚ್ಚುವ ಅಧಿಕಾರವೂ ಇವರಿಗಿಲ್ಲ. ಯಂತ್ರ ಕೊಟ್ಟ ಕಂಪನಿಗೆ ಫೋನ್ ಮಾಡಿ ಬೇರೆ ತರಿಸಿಕೊಳ್ಳಿ ಎಂದು ಹೇಳಿದರು. ವಿಮಲಾ ಅತ್ತುಬಿಟ್ಟಳು. ಕಂಪನಿಯವರು ರಿಪೋರ್ಟ್ ಬರೆದರೆ ನನ್ನ ಹೋಳಿಗೆ ಯಾರು ಮುಟ್ಟುತ್ತಾರೆ, ಈ ಹಬ್ಬ ಒಂದು ಕಳೆಯಲಿ ಎಂದಳು. ಇವರು ಆಗಲಿ ಎಂದು ತಲೆ ಆಡಿಸಿ ಬಂದರು.

ಹಬ್ಬ ಬರುವ ಮೊದಲೇ ಒಂದು ಮಧ್ಯಾಹ್ನ, ಅವಳು ಆರ್ಡರ್ ಕೊಡಲು ಮಾರ್ಕಮ್‌ಗೆ ಹೋಗಿದ್ದಾಗ, ಯಂತ್ರ ನಿಂತಿತು. ಕೂಗಬೇಕಾಗಿದ್ದ ಅಲಾರಮೂ ಕೂಗಲಿಲ್ಲ. ಬದಲಿ ಸಿಲಿಂಡರು ಬೆಡ್‌ರೂಮಿನಲ್ಲಿತ್ತು. ಅವಳು ಬಂದು ನೋಡಿದಾಗ ರಾಘು ಕುರ್ಚಿಗೂ ಬೆಡ್‌ರೂಮಿನ ಬಾಗಿಲಿಗೂ ನಡುವೆ ಬಿದ್ದಿದ್ದ. ಉಸಿರಿರಲಿಲ್ಲ. ಆಮೇಲೆ ಕಂಪನಿಯವರು ಯಂತ್ರದ ಮುಚ್ಚಳ ತೆಗೆದರೆ ಬೋರ್ಡಿನ ತುಂಬ ಅವೇ.

ಸಂಸ್ಕಾರ ಮುಗಿಸಿಕೊಂಡು ಫಕೀರಪ್ಪನವರು ನಮ್ಮಲ್ಲಿಗೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ.

"ನಾ ಮೂಸಿದ್ದೆರಿ ಅಕ್ಕಾರ. ಮೂಸಿನೂ ಬಾಯಿ ಮುಚ್ಚಕೊಂಡ ಬಂದೆ. ಒಂದ ಫೋನ್ ನಾನೂ ಮಾಡಬಹುದಿತ್ತು."

ನಿಮ್ಮ ತಪ್ಪೇನಿದೆ ಎಂದೆ. ಅನ್ನುವುದು ನನಗೆ ಸುಲಭವಾಗಿತ್ತು. ಅವರು ಫೋನ್ ಮಾಡಿದ್ದರೆ ಮಾತು ಬಿಲ್ಡಿಂಗಿನ ಆಫೀಸಿಗೆ ಮುಟ್ಟಿ, ನೋಟಿಸು ನನ್ನ ಬಾಗಿಲಿಗೂ ಬರುತ್ತಿತ್ತು.

ಅಂದಿನಿಂದ ಅವರು 'ಮಂದಿ' ಎನ್ನುವುದನ್ನು ಬಿಟ್ಟರು. ಯಾರೆದುರಿಗಾದರೂ ಸರಿ, ಜಿರಳೆಯನ್ನು ಜಿರಳೆ ಎಂದೇ ಹೇಳುವರು, ಮನೆಯವರು ಹಿಂಜರಿದರೆ ಆಫೀಸಿಗೆ ತಾವೇ ಫೋನ್ ಮಾಡುವರು. ಕರೆಯುವವರು ಕಡಿಮೆಯಾದರು. ಮುದುಕನಿಗೆ ತಲೆ ಕೆಟ್ಟಿದೆ ಎಂದು ನಾನೂ ಒಂದೆರಡು ಕಡೆ ಆಡಿಕೊಂಡೆ.

ಆದರೂ ನಮ್ಮ ಡಿಶ್‌ವಾಶರ್ ನಿಂತಾಗ ಕರೆದದ್ದು ಅವರನ್ನೇ. ಭಾನುವಾರ ಬೆಳಿಗ್ಗೆ ಬರುತ್ತೇನೆಂದವರು ಬಂದದ್ದು ಮಧ್ಯಾಹ್ನ. ಅಷ್ಟರಲ್ಲಿ ಮಗಳನ್ನು ನೋಡಲು ಓಕ್‌ವಿಲ್‌ನಿಂದ ಹುಡುಗನ ಕಡೆಯವರು ಬಂದು ಕಾಫಿ ಕುಡಿಯುತ್ತಿದ್ದರು. ನಾನು ಬೇಡವೆನ್ನುವಷ್ಟರಲ್ಲಿ ಫಕೀರಪ್ಪನವರು ಚೀಲ ಪಕ್ಕದಲ್ಲಿ ತೆರೆದಿಟ್ಟು, ಮೊಣಕಾಲೂರಿ ಡಿಶ್‌ವಾಶರಿನ ಕೆಳಗಿನ ತಗಡು ತೆಗೆದಿದ್ದರು. ಐದಾರು ಜಿರಳೆ ಹೊರಬಿದ್ದು ಹುಡುಗನ ತಾಯಿಯ ಕಾಲಿನ ಕಡೆಗೇ ಓಡಿದವು.

"ಜಿರಳಿ ಅದಾವ್ರಿ ಅಕ್ಕಾರ. ಇವತ್ತ ಆಫೀಸಿಗೆ ಹೇಳಬೇಕು."

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದೆ, "ನಮ್ಮನೇಲಿ ಯಾವತ್ತೂ ಇರಲಿಲ್ಲ. ನಿಮ್ಮ ಬ್ಯಾಗಿಂದಾನೇ ಬಂದಿರಬೇಕು."

ಅವರು ನನ್ನನ್ನು ನೋಡಿದರು. ನನ್ನ ಹಿಂದೆ ಟ್ರೇ ಹಿಡಿದು ನಿಂತಿದ್ದ ಮಗಳನ್ನು ನೋಡಿದರು. ಆಮೇಲೆ ಬಗ್ಗಿ, ತಗಡು ಮೊದಲಿನ ಹಾಗೆ ಕೂಡಿಸಿ, ಚೀಲ ಮುಚ್ಚಿದರು.

"ಇರಬೋದ್ರಿ. ಮನಿ ಮನಿ ತಿರುಗೋ ಚೀಲ. ನಂದ ತಪ್ಪಾತು."

ಅವರು ಹೋದರು. ಬೀಗರು ನಗುತ್ತಾ ಎರಡನೇ ಕಾಫಿ ಕುಡಿದರು. ಅವರೆಲ್ಲ ಹೊರಟ ಮೇಲೆ ಮಗಳು, "ಅಮ್ಮಾ, ದಟ್ ವಾಸ್ ಎ ಲೈ" ಎಂದು ರೂಮಿನ ಬಾಗಿಲು ಹಾಕಿಕೊಂಡಳು.

ಮದುವೆ ನಡೆಯಿತು. ಮಾತೂ ಓಕ್‌ವಿಲ್‌ನಿಂದ ಹೊರಟು ಊರೆಲ್ಲ ಸುತ್ತಿತು. ಫಕೀರಪ್ಪ ಚೀಲದಲ್ಲಿ ಜಿರಳೆ ಹೊತ್ತು ತರುತ್ತಾನೆ ಎಂದರು. ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ. ತಮ್ಮನ ಹತ್ತಿರ ಕ್ಯಾಲ್ಗರಿಗೆ ಹೋದರಂತೆ. ಕಳೆದ ಚಳಿಗಾಲದಲ್ಲಿ ತೀರಿಕೊಂಡ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಬಂತು. "ಪಾಪ, ಒಳ್ಳೆಯ ಮನುಷ್ಯ, ಆ ಬ್ಯಾಗಿನದೊಂದು ಬಿಟ್ಟರೆ" ಎಂದು ಯಾರೋ ಬರೆದಿದ್ದರು. ಕೆಳಗೆ ಸಾಲಾಗಿ ಮುಗಿದ ಕೈಗಳು. ನಾನೂ ಆ ಸಾಲಿಗೆ ಒಂದು ಜೊತೆ ಕೈ ಸೇರಿಸಿದೆ.

ಅಂದು ಅಲ್ಲಿ ಬರೆಯಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಜಿರಳೆಗಳು ನಮ್ಮ ಮನೆಯವು. ಫಕೀರಪ್ಪನವರ ಚೀಲ ನನ್ನ ಅಡುಗೆಮನೆಗಿಂತ ಚೊಕ್ಕಟವಾಗಿತ್ತು.