ಒಲೆಗೆ ಹೋದ ಲೈಸನ್ನು

ಹೊರಗೆ ಹೊರಡುವ ಮುನ್ನ ಎದೆಯ ಮೇಲಿನ ಕಿಸೆಯನ್ನು ತಟ್ಟಿ ನೋಡಿಕೊಳ್ಳುವುದು ನನಗೊಂದು ರೋಗ. ತಟ್ಟಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ತಟ್ಟುತ್ತೇನೆ. ಗುಡಿಯಲ್ಲಿ ಕಣ್ಣು ಮುಚ್ಚಿ ನಿಂತಾಗಲೂ ಮುಗಿದ ಎರಡು ಕೈಗಳಲ್ಲಿ ಒಂದು ಮೆಲ್ಲಗೆ ಕಿಸೆಯ ಕಡೆ ಜಾರುತ್ತದೆ. ದೇವರು ಲೈಸನ್ನು ಕೇಳುವುದಿಲ್ಲವೋ ಹುಚ್ಚಪ್ಪ ಎಂದು ನನಗೆ ನಾನೇ ಹೇಳಿಕೊಂಡರೂ ಕೈ ಕೇಳಬೇಕಲ್ಲ! ಗಾಡಿ ನಡೆಸುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು, ಕಣ್ಣು ಮಂಜಾಯಿತು, ಆದರೂ ಆ ಎಂಟು ತಿಂಗಳ ಚಡಪಡಿಕೆ ಅಂಗೈಯಲ್ಲಿ ಹಾಗೆಯೇ ಉಳಿದುಬಿಟ್ಟಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಸುಟ್ಟಿದ್ದರಿಂದಲೇ ಬಂದ ಗುಣ.

ಸುಟ್ಟವಳು ನಮ್ಮವ್ವ, ಸುಟ್ಟದ್ದು ನನ್ನ ಡ್ರೈವರ್ ಲೈಸನ್ನು. ಠಾಣಾ ಕುಶನೂರಿನಲ್ಲಿ ಕುರಿ ಕಾಯುತ್ತಿದ್ದ ನಮ್ಮ ಮನೆತನದಲ್ಲಿ ಮೊಹರು ಬಿದ್ದ ಕಾಗದವೊಂದು ಹೊಸ್ತಿಲು ದಾಟಿ ಒಳಗೆ ಬಂದದ್ದು ಅದೇ ಮೊದಲು. ಅದನ್ನು ಕಂಬಳಿಯ ಚೂರಿನಲ್ಲಿ ಸುತ್ತಿ ಜೋಳದ ಗುಮ್ಮಿಯ ಹಿಂದೆ ಇಟ್ಟವಳೂ ಅವಳೇ. ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೈನ್ಯ ಬಂದು ನಿಜಾಮರ ಆಳಿಕೆ ಮುಗಿದ ಆ ವಾರದಲ್ಲಿ, ಹಳೆಯ ಸರ್ಕಾರದ ಮೊಹರು ಯಾರ ಮನೆಯಲ್ಲಿ ಸಿಕ್ಕರೂ ಅವರನ್ನು ರಜಾಕಾರರ ಕಡೆಯವರೆಂದು ಹಿಡಿದೊಯ್ಯುತ್ತಾರೆ ಎಂಬ ಸುದ್ದಿ ಊರಲ್ಲಿ ಹಬ್ಬಿತು. ಸುದ್ದಿ ತಂದವರು ಯಾರೆಂದು ಒಬ್ಬರೂ ಕೇಳಲಿಲ್ಲ. ನಮ್ಮ ಓಣಿಯ ಹೆಂಗಸರು ಉರ್ದು ಅಕ್ಷರ ಕಂಡದ್ದನ್ನೆಲ್ಲ ಒಲೆಗೆ ಹಾಕಿದರು: ಹೊಲದ ಕಾಗದ, ಸಾಲಿಯ ಸರ್ಟಿಫಿಕೇಟು, ಯಾರದೋ ಕೆಮ್ಮಿನ ಔಷಧದ ಚೀಟಿ. ನನ್ನ ಲೈಸನ್ನಿನ ಉರಿಯಲ್ಲಿ ಅವ್ವ ರೊಟ್ಟಿ ಬೇಯಿಸಿದಳು, ನಾನು ಎರಡು ಹೆಚ್ಚಿಗೆ ತಿಂದೆ, ಕೈ ತೊಳೆದ ಮೇಲೆ ವಿಷಯ ತಿಳಿಯಿತು. ಬಾಯಿಗೆ ಬಂದಂತೆ ಬೈದೆ. ಆಕೆ ಮಾತ್ರ ಕಟ್ಟಿಗೆ ಮುಂದಕ್ಕೆ ನೂಕುತ್ತ, “ಕಾಗದ ಹೋದ್ರ ಹೋಗ್ಲಿ, ನೀ ಉಳದ್ಯಲ್ಲ ನನಗ” ಎಂದಳು.

ನಾನು ಔರಾದಿನ ಸಾಹುಕಾರರೊಬ್ಬರ ಲಾರಿ ನಡೆಸುತ್ತಿದ್ದೆ. ಔರಾದಿನಿಂದ ಬೀದರಿಗೆ ತೊಗರಿ, ಬೀದರಿನಿಂದ ಬೆಲ್ಲ, ಚಿಮಣಿ ಎಣ್ಣೆ, ನಡುನಡುವೆ ಭಾಲ್ಕಿ ಸ್ಟೇಷನ್ನಿಗೊಂದು ಖೇಪು. ಲೈಸನ್ನು ಇಲ್ಲವೆಂದು ತಿಳಿದರೆ ಅವರು ಅದೇ ದಿನ ಕೀಲಿ ಕಸಿದುಕೊಳ್ಳುವವರು. ಮತ್ತೆ ಕುರಿ ಹಿಂದೆ ಹೋಗಬೇಕಾದೀತೆಂದು ಬಾಯಿ ಮುಚ್ಚಿಕೊಂಡು ಗಾಡಿ ನಡೆಸಿದೆ. ಅಬ್ಬಾ, ಆ ನಡೆಸುವುದು! ಲೈಸನ್ನು ಇದ್ದಾಗ ನಾಲ್ಕು ಕೋಳಿ, ಒಂದು ಬೇಲಿ, ಎಕಂಬಾದ ಗೌಡರ ಮನೆಯ ಕಟ್ಟೆಯ ಮೂಲೆ ನನ್ನಿಂದ ಹಾಳಾಗಿದ್ದವು. ಕಳೆದುಕೊಂಡ ಮೇಲೆ ಒಂದು ಇರುವೆಗೂ ನೋವು ಮಾಡಲಿಲ್ಲ. ಖಾಕಿ ಕಂಡರೆ ಬೆನ್ನು ಬೆವರುತ್ತಿತ್ತು, ಅಂಚೆಯವನದಾದರೂ ಸರಿ. ಹಾರ್ನು ಒತ್ತಲೂ ಅಂಜುತ್ತಿದ್ದೆ. ಸಾಹುಕಾರರು ಬೇರೆ ಡ್ರೈವರುಗಳ ಮುಂದೆ ನನ್ನನ್ನು ತೋರಿಸಿ, ಗಾಡಿ ನಡೆಸಿದರೆ ಇವನ ಹಾಗೆ ನಡೆಸಬೇಕು ಎನ್ನುತ್ತಿದ್ದರು. ಓದುಗ ಮಿತ್ರರೇ, ಕಾನೂನನ್ನು ಅಷ್ಟು ಭಯಭಕ್ತಿಯಿಂದ ಪಾಲಿಸಿದ ಕಳ್ಳ ಈ ಸೀಮೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಕೊನೆಗೆ ತಡೆಯಲಾರದೆ ಬೀದರಿನ ಕಚೇರಿಗೆ ಹೋದೆ. ಗುಮಾಸ್ತರು ಒಳ್ಳೆಯವರು, ನಗಲಿಲ್ಲ. ಒಲೆಗೆ ಹೋದ ಕಾಗದದ ಕತೆ ಹೇಳಿಕೊಂಡು ದಿನಕ್ಕಿಷ್ಟು ಜನ ಬರುತ್ತಾರೆ ಎಂದು ನಿಟ್ಟುಸಿರು ಬಿಟ್ಟು, ಗಾಡಿ ಕಲಿಸಿದ ಉಸ್ತಾದನಿಂದ ಬರೆಸಿಕೊಂಡು ಬಾ ಎಂದರು.

ನನಗೆ ಕಲಿಸಿದವರು ಮೌಲಾಸಾಬರು. ಅವರ ಮನೆ ಚೌಬಾರಾದ ಹಿಂದಿನ ಗಲ್ಲಿಯಲ್ಲಿ. ಹ್ಯಾಂಡಲ್ ತಿರುಗಿಸುವುದರಿಂದ ಹಿಡಿದು ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವವರೆಗೆ ಎಲ್ಲವನ್ನೂ, ಒಂದು ಪೈಸೆ ಕೇಳದೆ, ಅವರ ಮನೆಯಲ್ಲೇ ಉಣಿಸಿ ಕಲಿಸಿದ್ದರು. ಅವರ ಮಗ ಬಾಬಾಮಿಯಾ ನನ್ನ ವಾರಿಗೆಯವನು, ಒಂದೇ ತಾಟಿನಲ್ಲಿ ಉಂಡವರು ನಾವು. ಸೈನ್ಯ ಬಂದ ಮೇಲಿನ ದಿನಗಳ ಗದ್ದಲದಲ್ಲಿ ಹಳ್ಳಿಗೆ ಹೋದ ಬಾಬಾಮಿಯಾ ತಿರುಗಿ ಬರಲಿಲ್ಲವೆಂಬ ಮಾತು ನನ್ನ ಕಿವಿಗೆ ಬಿದ್ದಿತ್ತು. ನಮ್ಮ ಕಡೆ ಸಾವಾದ ಮನೆಗೆ ಹೋಗಿ ಮಾತಾಡಿಸಿ ಬರುವುದು ವೈರಿಯೂ ತಪ್ಪಿಸದ ರೀತಿ. ನಾನು ಹೋಗಲಿಲ್ಲ. ಆ ಗಲ್ಲಿಗೆ ಕಾಲಿಟ್ಟದ್ದನ್ನು ಯಾರಾದರೂ ಕಂಡು ಏನಾದರೂ ಅಂದರೆ ಎಂದು ಹೆದರಿದೆ. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತ ಎಂಟು ತಿಂಗಳು ಕಳೆದೆ. ಈಗ ಅವರ ದುಃಖಕ್ಕೆ ಹೋಗದವನು ನನ್ನ ಕಾಗದಕ್ಕೆ ಹೋಗಬೇಕಿತ್ತು. ನಾಚಿಕೆಯಿಂದ ಎರಡು ದಿನ ಊಟ ಸೇರಲಿಲ್ಲ.

ಬೀದರಿನಲ್ಲಿ ಬೆಲ್ಲ ತುಂಬಿಕೊಂಡ ಒಂದು ಬೆಳಿಗ್ಗೆ ಹೋದೆ. ಅವರು ಬಾಗಿಲಲ್ಲೇ ಕುಳಿತಿದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಚಹಾ ತರಿಸಿದರು. ನಾನು ಅವ್ವನ ಒಲೆಯ ಕತೆ ಹೇಳಿದಾಗ ಸಣ್ಣಗೆ ನಕ್ಕು, ಕೇಳಿದಷ್ಟನ್ನೂ ಉರ್ದುವಿನಲ್ಲಿ ಬರೆದು ಸಹಿ ಹಾಕಿಕೊಟ್ಟರು. ಅವರ ಲೈಸನ್ನು ಟ್ರಂಕಿನಲ್ಲಿ ಭದ್ರವಾಗಿತ್ತು, ಗಾಡಿ ಕೊಡುವವರು ಮಾತ್ರ ಒಬ್ಬರೂ ಉಳಿದಿರಲಿಲ್ಲ. ಗಾಡಿ ಇದ್ದ ನನ್ನ ಬಳಿ ಕಾಗದವಿರಲಿಲ್ಲ. ಬಾಬಾಮಿಯಾನ ಹೆಸರು ನಾಲಿಗೆಯ ತುದಿಗೆ ಬಂದು ಬಂದು ಚಹಾದ ಜೊತೆ ಒಳಗೆ ಹೋಯಿತು. ಎದ್ದು ಹೊರಟಾಗ, ಔರಾದಿನಲ್ಲಿರುವ ಮಗಳನ್ನು ನೋಡದೆ ಬಹಳ ದಿನವಾಯಿತು, ಒಂಟಿಯಾಗಿ ಆ ದಾರಿ ಹಿಡಿಯಲು ಧೈರ್ಯವಿಲ್ಲ, ನಿನ್ನ ಗಾಡಿಯಲ್ಲಿ ಕರೆದೊಯ್ಯುತ್ತೀಯಾ ಎಂದು ಕೇಳಿದರು. ಒಳಗೆ ಹೋಗಿ ಟ್ರಂಕು ತೆರೆದ ಸಪ್ಪಳ ಕೇಳಿಸಿತು. ಶೇರ್ವಾನಿ ತೊಟ್ಟು ಹೊರಬಂದರು.

ಬೇಸಿಗೆಯ ಬಿಸಿಲು. ಕಚೇರಿ ತೆರೆಯುವ ತನಕ ಕಾಯುವಂತಿರಲಿಲ್ಲ, ಲಾರಿಯಲ್ಲಿ ಬೆಲ್ಲದ ಪೆಂಟಿಗಳು. ಹೊತ್ತು ನೆತ್ತಿಗೇರುವ ಮೊದಲೇ ಮುಟ್ಟಿಸದಿದ್ದರೆ ಗಾಡಿ ಇನ್ನೊಬ್ಬನಿಗೆ ಎಂದು ಸಾಹುಕಾರರು ಹೇಳಿ ಕಳಿಸಿದ್ದರು. ಜನವಾಡ ಬಂತು. ಊರ ಮುಂದೆ ಹೊಸದಾಗಿ ನಾಕಾ ಹಾಕಿದ್ದರು, ಕಂಬ ಅಡ್ಡ ಬಿದ್ದಿತ್ತು, ಪರವೂರಿನ ಜಮಾದಾರನೊಬ್ಬ ನೇರ ನನ್ನ ಕಡೆಗೆ ಬಂದು ಲೈಸನ್ನು ಕೇಳಿದ. ನನ್ನ ಕೈ ಖಾಲಿ ಕಿಸೆಯ ಮೇಲೆ ಬಿದ್ದು ಅಲ್ಲೇ ನಿಂತಿತು. ಪಕ್ಕದಿಂದ ಇನ್ನೊಂದು ಕೈ ನನ್ನೆದೆಯ ಮುಂದೆ ಚಾಚಿಕೊಂಡಿತು, ಅದರಲ್ಲಿ ನಿಜಾಮರ ಮೊಹರಿನ ಕಾಗದ.

“ಡ್ರೈವರ್ ನಾ ಇದ್ದೇನ್ರಿ, ಜಮಾದಾರ ಸಾಬ್. ಇಂವ ಇನ್ನಾ ಕಲೀಲಾಕತ್ತಾನ್ರಿ.”

ಅವ್ವ ಯಾವ ಮೊಹರಿಗೆ ಹೆದರಿ ಬೆಂಕಿ ಇಟ್ಟಳೋ ಅದನ್ನೇ, ಹೆದರಲು ನಮಗಿಂತ ನೂರು ಪಾಲು ಕಾರಣವಿದ್ದ ಮನುಷ್ಯ, ಹಗಲು ಬೆಳಕಿನಲ್ಲಿ ಎತ್ತಿ ಹಿಡಿದಿದ್ದ. ಜಮಾದಾರ ಕಾಗದವನ್ನು ನೋಡಿದ, ಅವರ ಗಡ್ಡವನ್ನು ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಕಾಗದ ತಿರುಗಿ ಕೊಟ್ಟು, ಚೆನ್ನಾಗಿ ಕಲಿಸು ಎಂದು ಕಂಬ ಎತ್ತಿಸಿದ.

ಅರ್ಧ ಮೈಲು ದಾಟಿತು. ನಿಮ್ಮ ಉಪಕಾರ ಹೇಗೆ ತೀರಿಸಲಿ ಎಂದು ನಾನು ಶುರು ಮಾಡಿದೆ. ಅವರು ದಾರಿಯ ಮೇಲಿನ ಕಣ್ಣು ತೆಗೆಯದೆ ಹೇಳಿದರು:

“ನಿನ್ನ ಗಾಡಿ ಸಪ್ಪಳ ನನಗ ಗೊತ್ತಾಗ್ತದ, ಬೇಟಾ. ಎಂಟು ತಿಂಗಳು ಬಾಗಲದಾಗ ಕುಂತು ಕೇಳೇನಿ. ಎಲ್ಲಾ ಕಡಿ ಸಾವಕಾಶ ಬರ್ತಿದ್ದಿ, ನಮ್ಮ ಗಲ್ಲಿ ಬಾಯಿಗಿ ಬಂದ ಕೂಡ್ಲೆ ಜೋರ್ ಮಾಡ್ತಿದ್ದಿ. ಇರ್ಲಿ. ಕಾಗದಕ್ಕರ ಬಂದಿ.”

ಗಾಡಿಯನ್ನು ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸಿದೆ. ಇಂಜಿನ್ನು ಬಂದ್ ಮಾಡಿದೆ. “ಬಾಬಾಮಿಯಾಗ ಏನಾತು, ಉಸ್ತಾದ್?” ಎಂದು ಕೇಳಿದೆ. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮಗ ಮನೆ ಬಿಟ್ಟ ಬೆಳಗಿನಿಂದ ಹೇಳತೊಡಗಿದರು. ಹೊತ್ತು ನೆತ್ತಿಗೇರಿತು, ಹಿಂದೆ ಬೆಲ್ಲ ಕರಗಿ ಹಲಗೆಯ ಸಂದಿಯಿಂದ ರಸ್ತೆಗೆ ತೊಟ್ಟಿಕ್ಕುತ್ತಿತ್ತು. ನಾನು ಎದ್ದು ನೋಡಲಿಲ್ಲ, ಕೇಳುತ್ತ ಕುಳಿತೆ.